ನೀಲಿ ಪುಡಿ ತೊಳೆದ ನೀರು

ಅಕ್ಕಿಯನ್ನು ಮೂರು ಸಲವೂ ಕಾವೇರಿ ನೀರಿನಲ್ಲೇ ತೊಳೆಯುತ್ತೇನೆಂದು ನೀವಿಬ್ಬರೂ ನನ್ನನ್ನು ರೇಗಿಸುತ್ತೀರಿ. "ಅಜ್ಜಿ, ಕಾವೇರಿ ಬರೋದೇ ಎರಡು ದಿನಕ್ಕೊಂದ್ಸಲ, ನೀವು ಅಕ್ಕಿಗೆ ಅಭ್ಯಂಜನ ಮಾಡಿಸ್ತಾ ಕೂತಿದೀರಲ್ಲ" ಅನ್ನುತ್ತಾಳೆ ದೊಡ್ಡವಳು. "ಅಜ್ಜಿಗೆ ಬೋರ್ ನೀರು ಕಂಡ್ರೆ ಭಯ ಕಣೇ" ಅನ್ನುತ್ತಾನೆ ಚಿಕ್ಕವನು. ಚಿಕ್ಕವನು ತಮಾಷೆಗೆ ಹೇಳಿದರೂ ಅದು ನಿಜವೇ. ಎದುರು ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆದರೆ ಬಂದೀತು.

ಈ ಕಡೆಯ ಮನೆಗಳಲ್ಲಿ ಎರಡು ನಲ್ಲಿ ಇರುವುದು ನಿಮಗೆ ಗೊತ್ತು. ಪಾತ್ರೆಗೆ, ಬಟ್ಟೆಗೆ, ಬಚ್ಚಲಿಗೆ ಬೋರ್ ನೀರು. ಕುಡಿಯಲು, ಬೇಯಿಸಲು ಕಾವೇರಿ. ಅಕ್ಕಿಗೆ ಮಾತ್ರ ಎರಡೂ. ಮೊದಲ ಎರಡು ಸಲ ಬೋರ್ ನೀರಿನಲ್ಲಿ ತೊಳೆದು, ಕೊನೆಯ ಸಲ ಕಾವೇರಿಯಲ್ಲಿ ತೊಳೆದರಾಯಿತು. ಕೊನೆಯ ನೀರು ಚೆನ್ನಾಗಿದ್ದರೆ ಸಾಕು, ಮೊದಲಿನದು ಎಂಥದಾದರೂ ನಡೆಯುತ್ತದೆ ಎಂದು ನಾವು ಹೆಂಗಸರೆಲ್ಲ ನಂಬಿದ್ದೆವು. ಕುರುಬರಹಳ್ಳಿಯ ಬಾಡಿಗೆ ಮನೆಯಲ್ಲಿ ಹಾಗೇ ತೊಳೆದೆ, ಶ್ರೀಗಂಧದ ಕಾವಲಿಗೆ ಬಂದ ಮೇಲೂ ಹಾಗೇ ತೊಳೆದೆ. ಆ ನಂಬಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೆಲಸಕ್ಕೆ ಹೋದೆ. ಅದರಿಂದ ಒಬ್ಬ ಹುಡುಗಿಯ ಕಣ್ಣು ಹೋಗುವುದರಲ್ಲಿತ್ತು.

ಮೊದಲು ನಿಮ್ಮ ತಾತನ ವಿಷಯ ಹೇಳಬೇಕು. ಅವರು ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಕಬ್ಬಿಣದ ಬಿಡಿಭಾಗಗಳನ್ನು ಕ್ರೋಮಿಯಂ ತೊಟ್ಟಿಯಲ್ಲಿ ಅದ್ದಿ ಬೆಳ್ಳಿಯ ಹಾಗೆ ಹೊಳೆಯಿಸುವ ಕೆಲಸ. ತೊಟ್ಟಿಯ ಬಣ್ಣ ಕಿತ್ತಳೆ. ಅದರಿಂದ ಸದಾ ಒಂದು ಹಬೆ ಏಳುತ್ತಿತ್ತಂತೆ. ಶೆಡ್ಡನ್ನು ನಾನು ಒಳಗೆ ಹೋಗಿ ನೋಡಲಿಲ್ಲ, ಅವರ ಕರವಸ್ತ್ರ ಒಗೆಯುತ್ತಿದ್ದೆ ಅಷ್ಟೇ. ಮೊದಮೊದಲು ಹಳದಿ ಕಲೆ. ಆಮೇಲೆ ರಕ್ತದ ಕಲೆ. "ಉಷ್ಣ ಕಣೆ" ಅಂದರು. ನಾನು ಎಳನೀರು ತಂದೆ, ಮೆಂತ್ಯ ನೆನೆಸಿಟ್ಟೆ. ಆಸ್ಪತ್ರೆಗೆ ಹೋಗೋಣ ಎಂಬ ಎರಡು ಮಾತನ್ನು ಎಂಟು ತಿಂಗಳು ಬಾಯಲ್ಲೇ ಇಟ್ಟುಕೊಂಡೆ. ಕೊನೆಗೆ ಡಾಕ್ಟರು ಬೆಳಕು ಬಿಟ್ಟು ನೋಡಿದಾಗ ಮೂಗಿನ ನಡುವಿನ ಗೋಡೆಯಲ್ಲಿ ತೂತು ಬಿದ್ದಿತ್ತು. ಶ್ವಾಸಕೋಶದ ಮಾತು ಅದಾದ ಮೇಲೆ ಬಂತು.

ಅವರು ಹೋದ ಮರು ವರ್ಷ, ಕೆಂಗೇರಿ ಕಡೆಯ ಒಂದು ಕಾಲೇಜಿನ ರಸಾಯನ ವಿಭಾಗದಲ್ಲಿ ಗಾಜಿನ ಸಾಮಾನು ತೊಳೆಯಲು ಜನ ಬೇಕೆಂದು ಗೊತ್ತಾಯಿತು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ನಾನು. ಬಾಟಲಿಗಳ ಮೇಲಿನ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಬಣ್ಣ, ಮುಚ್ಚಳ, ಇಟ್ಟ ಜಾಗ ನೋಡಿ ಗುರುತಿಟ್ಟುಕೊಂಡೆ. ಯಾರಾದರೂ ಮಾತಾಡಿಸಿದರೆ ಹೂಂ, ಉಹೂಂ. ಅಷ್ಟರಲ್ಲೇ ನಾಲ್ಕು ವರ್ಷ ಕಳೆದಿದ್ದೆ.

ಅಲ್ಲಿ ವಿಜಯಪುರದ ಕಡೆಯಿಂದ ಬಂದ ಒಬ್ಬ ಹುಡುಗಿ ಪಿಎಚ್‌ಡಿ ಮಾಡುತ್ತಿದ್ದಳು. ಆರ್‌ಪಿಸಿ ಲೇಔಟಿನ ಪೀಜಿಯಲ್ಲಿ ವಾಸ. ನನ್ನನ್ನು ದೊಡ್ಡವ್ವ ಎಂದು ಕರೆಯುತ್ತಿದ್ದಳು. ಎಲ್ಲರೂ "ಅಮ್ಮ, ಆ ಬೀಕರ್ ಕೊಡಿ" ಎಂದು ಮುಂದೆ ಹೋಗುವಾಗ, ಇವಳು ನಿಂತು, ಕೊಟ್ಟ ಬೀಕರಿನೊಳಗೆ ಏನು ಮಾಡುತ್ತಾಳೆಂದು ಹೇಳಿ ಹೋಗುತ್ತಿದ್ದಳು. ಒಂದು ದಿನ ನಾನೇ ನಿಮ್ಮ ತಾತನ ಮೂಗಿನ ವಿಷಯ ಹೇಳಿಬಿಟ್ಟೆ. ಅವಳು ಕೈಯಲ್ಲಿದ್ದುದನ್ನು ಕೆಳಗಿಟ್ಟಳು.

"ದೊಡ್ಡವ್ವ, ನಾನು ಮಾಡಾಕ ಹತ್ತಿದ ಕೆಲಸಕ್ಕೂ ಮೊದಲ ಅದೇ ಕ್ರೋಮಿಯಂ ಹಾಕತಿದ್ರು ನೋಡ್ರಿ. ಒಂದು ಎಣ್ಣಿಯಂಥಾದ್ದರಿಂದ ಇನ್ನೊಂದು ಎಣ್ಣಿ ಮಾಡೋದು. ಸೆಂಟಿಗೆ, ಔಷಧಕ್ಕ ಬೇಕಾಗೂದು. ಕೆಲಸ ಆದಮ್ಯಾಲ ಆ ವಿಷದ ನೀರು ಮೋರಿಗೆ. ನಾನು ಕ್ರೋಮಿಯಂ ಹಾಕಂಗಿಲ್ಲ. ಇದನ್ನ ಹಾಕತೀನಿ."

ಅಂಗೈ ಅಗಲದ ಗಾಜಿನ ತಟ್ಟೆಯಲ್ಲಿ ಮೈದಾದಂಥ ಬಿಳಿ ಪುಡಿ ತೋರಿಸಿದಳು. ಅದರ ಹೆಸರು ಜಿಯೋಲೈಟ್.

"ಇದು ನಮ್ಮ ಪೀಜಿ ಇದ್ದಂಗ. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಖೋಲಿ ಅದಾವ. ಖೋಲಿಗೊಬ್ಬಾಕಿ ಸೋಡಿಯಂ ಅಂತ ಕುಂತಿರ್ತಾಳ. ತಾಮ್ರದ ನೀರಾಗ ನೆನಸಿದ್ರ ಆಕಿ ಗಂಟುಮೂಟಿ ಕಟಗೊಂಡು ಹೊರಗ, ತಾಮ್ರ ಒಳಗ."

"ಬಾಡಿಗೆ?" ಅಂದೆ. ನಾನು ಹಾಸ್ಯ ಮಾಡಿದ್ದು ನನಗೇ ಆಶ್ಚರ್ಯ.

"ನಮ್ಮ ಪೀಜಿ ಆಂಟಿಗಿಂತ ಚಲೋ ಐತ್ರಿ ಇದು, ಅಡ್ವಾನ್ಸ್ ಕೇಳಂಗಿಲ್ಲ" ಎಂದು ನಕ್ಕಳು.

ತಾಮ್ರ ಸೇರಿದ ಪುಡಿ ತಿಳಿ ನೀಲಿಯಾಗುತ್ತಿತ್ತು. ಅದನ್ನು ಸೋಸಿ, ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒಣಗಿಸಿ, ಕುಲುಮೆಯಲ್ಲಿ ಕಾಯಿಸಬೇಕು. ಕಾಯಿಸಿದ ಹೊಸದರಲ್ಲಿ ಒಳ್ಳೆಯ ಪುಡಿಯೂ ಬಿಳಿಚಿಕೊಂಡಿರುತ್ತಿತ್ತು, ದಿನ ಕಳೆದು ಗಾಳಿಯ ತೇವ ಕುಡಿದ ಮೇಲೆ ನೀಲಿ ಮರಳುತ್ತಿತ್ತು. ತೊಳೆಯುವ ಕೆಲಸ ನನ್ನದಾಯಿತು. ಆಮೇಲೆ ಅವಳು ಆ ಪುಡಿಯನ್ನು ಎಣ್ಣೆಯಂಥ ದ್ರವಕ್ಕೆ ಹಾಕಿ, ಬಿಸಿ ಮಾಡುತ್ತ, ಪೆರಾಕ್ಸೈಡ್ ಎಂಬ ನೀರಿನಂಥದನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಕೆಲಸ ಮುಗಿದ ಮೇಲೆ ಪೆರಾಕ್ಸೈಡಿನಿಂದ ಉಳಿಯುವುದು ಬರೀ ನೀರು. ಪುಡಿಯನ್ನು ಸೋಸಿ ತೆಗೆದು, ತೊಳೆದು, ಕಾಯಿಸಿ ಮತ್ತೆ ಬಳಸಬಹುದು. ಕೆಲಸ ಸರಿಯಾಗಿ ನಡೆದರೆ ಲ್ಯಾಬು ತುಂಬ ಬಾದಾಮಿ ಹಾಲಿನ ವಾಸನೆ ಹರಡುತ್ತಿತ್ತು. ನಿಮ್ಮ ತಾತನ ಅಂಗಿಗೆ ಅಂಟಿರುತ್ತಿದ್ದ ವಾಸನೆ ನೆನಪಿದ್ದವಳಿಗೆ ಅದು ಹಬ್ಬದ ಹಾಗಿತ್ತು.

ಆದರೆ ಆ ಪೆರಾಕ್ಸೈಡು ಸಾಧು ಅಲ್ಲ. ಒಂದು ಮಧ್ಯಾಹ್ನ ಸಿಂಕಿನಲ್ಲಿ, ಅದು ಒಂದು ಗುಟುಕಿನಷ್ಟು ಉಳಿದಿದ್ದ ಬೀಕರಿಗೆ, ಸೋಸುವ ಕಾಗದಕ್ಕೆ ಅಂಟಿದ್ದ ನೀಲಿ ಪುಡಿಯನ್ನು ಕೊಡವಿಬಿಟ್ಟೆ. ಅದು ಹಾಲಿನಂತೆ ಉಕ್ಕಿ, ಬೀಕರು ಕೆಂಡದ ಹಾಗಾಗಿ, ನೊರೆ ಕೈ ಮೇಲೆ ಬಂತು. ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾದವು. ಸೂಜಿ ಚುಚ್ಚಿದ ಉರಿ. ಹುಡುಗಿ ಓಡಿ ಬಂದು ನಲ್ಲಿಯ ಕೆಳಗೆ ಕೈ ಹಿಡಿದಳು. "ಇವೆರಡನ್ನ ಒಮ್ಮೆಲೇ ಕೂಡಸಬಾರದ್ರಿ ದೊಡ್ಡವ್ವ. ಗುಟುಕಿಗೇ ಹಿಂಗಾತು, ಫ್ಲಾಸ್ಕ್ ತುಂಬ ಇದ್ದಿದ್ರ?" ಅಂದಳು. ಸಂಜೆಗೆ ಬಿಳುಪು ಹೋಯಿತು. ಮಾತು ಉಳಿಯಿತು.

ಆ ವರ್ಷದ ಬೇಸಿಗೆಯಲ್ಲಿ ನೀರು ಹೋಯಿತು. ಕಾಲೇಜಿನ ಬೋರ್ ಕೆಸರು ಕಕ್ಕಿ ನಿಂತಿತು. ಮಾರ್ಚಿನಿಂದ ಟ್ಯಾಂಕರ್. ಡಿಸ್ಟಿಲ್ಡ್ ನೀರು ಇಳಿಸುವ ಯಂತ್ರಕ್ಕೆ ಒಂದು ಕೊಡ ಒಳ್ಳೆಯ ನೀರಿಗೆ ಎಷ್ಟೋ ಕೊಡ ತಣ್ಣೀರು ಹರಿದು ಹೋಗಬೇಕಿತ್ತು. ಅದನ್ನು ನಿಲ್ಲಿಸಿ ಎಂದು ಆಫೀಸಿನಿಂದ ಚೀಟಿ ಬಂತು. ಅಂಗಡಿಯಿಂದ ಕ್ಯಾನುಗಳಲ್ಲಿ ಡಿಸ್ಟಿಲ್ಡ್ ನೀರು ತರಿಸಿದರು. ವಿಭಾಗದ ಮೇಡಂ ಎಲ್ಲರನ್ನೂ ಸೇರಿಸಿ, "ಒಂದೊಂದು ಹನಿನೂ ನೋಡ್ಕೊಂಡು ಬಳಸ್ರಪ್ಪ" ಅಂದರು.

ನಾನು ನೋಡಿಕೊಂಡು ಬಳಸಿದೆ. ಅಕ್ಕಿಗೆ ಮಾಡುವುದನ್ನೇ ಮಾಡಿದೆ. ಮೊದಲ ನಾಲ್ಕೈದು ಸಲ ತೊಳೆದದ್ದು ಟ್ಯಾಂಕರ್ ನೀರಿನಲ್ಲಿ, ಧಾರಾಳವಾಗಿ, ಬಕೆಟ್ಟುಗಟ್ಟಲೆ. ಕೊನೆಯದು ಮಾತ್ರ ಕ್ಯಾನಿನದು. ಮೊದಲೆಲ್ಲ ಮೂರನೆಯ ಸಲ ತೊಳೆಯುವಷ್ಟರಲ್ಲಿ ನೀಲಿ ಬಿಡುವುದು ನಿಲ್ಲುತ್ತಿತ್ತು. ಈಗ ನಿಲ್ಲಲಿಲ್ಲ. ಲೋಟದಲ್ಲಿ ಕಾಣದ, ಬಕೆಟ್ಟು ತುಂಬಿದಾಗ ಮಾತ್ರ ಕಾಣುವಂಥ ನೀಲಿ ಬರುತ್ತಲೇ ಇತ್ತು. ಕೊಳೆ ಇನ್ನೂ ಇದೆ ಎಂದುಕೊಂಡು ಇನ್ನಷ್ಟು ತೊಳೆದೆ. ಪುಡಿ ಬೆಳ್ಳಗಾಯಿತು. ಬಿಳುಪಾದಷ್ಟೂ ಚೊಕ್ಕವಾದಂತೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಅಷ್ಟು ನೀರನ್ನು ಮೋರಿಗೆ ಬಿಡಲು ಮನಸ್ಸು ಬರದೆ, ಊರಿನಲ್ಲಿ ಅಕ್ಕಿ ತೊಳೆದ ಅಕ್ಕಚ್ಚು ಸುರಿದಂತೆ, ಲ್ಯಾಬಿನ ಹಿಂದಿನ ದಾಸವಾಳದ ಬುಡಕ್ಕೆ ಸುರಿದೆ. ಬರದಲ್ಲಿ ಗಿಡವಾದರೂ ಬದುಕಲಿ ಎಂದು.

ಒಂದು ತಿಂಗಳಾದ ಮೇಲೆ ಮೇಡಂ ಕ್ಯಾನುಗಳನ್ನು ನೋಡಿದರು. ಉಳಿದ ಲ್ಯಾಬುಗಳಲ್ಲಿ ಖಾಲಿ, ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಹಾಗೇ ಇತ್ತು. ವಿದ್ಯಾರ್ಥಿಗಳನ್ನೆಲ್ಲ ಕರೆದರು. "ನೋಡಿ, ನೀವೆಲ್ಲ ಎಮ್ಮೆಸ್ಸಿ ಓದಿದೀರ. ನೀರು ಹೇಗೆ ಉಳಿಸೋದು ಅಂತ ಅಮ್ಮನ್ನ ನೋಡಿ ಕಲೀರಿ." ಚಪ್ಪಾಳೆ ತಟ್ಟಿದರು. ಅದುವರೆಗೆ ನನ್ನ ಹೆಸರಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಹೇಗೆ ಉಳಿಸಿದಿರಿ ಎಂದು ಯಾರೂ ಕೇಳಲಿಲ್ಲ.

ಬಾದಾಮಿಯ ವಾಸನೆ ನಿಂತದ್ದು ಅದೇ ಸುಮಾರಿಗೆ. ಹುಡುಗಿ ಮೂರು ಸಲ ಮಾಡಿದಳು. ಮೂರು ಸಲವೂ ಲ್ಯಾಬು ಬರೀ ಲ್ಯಾಬಿನ ಹಾಗೆ ಇತ್ತು. ಅವಳು ಊಟದ ಡಬ್ಬಿ ತೆರೆಯುವುದನ್ನು ಬಿಟ್ಟಳು. "ಯಾಕ ಹಿಂಗಾಗಾಕ ಹತ್ತೇತೋ" ಎಂದು ಗೋಡೆಗೆ ಹೇಳುತ್ತಿದ್ದಳು. ಹಿಂದೆ ದಾಸವಾಳದ ಎಲೆ ಅಂಚಿನಿಂದ ಕಂದಾಗಿ, ಮೊಗ್ಗು ಅರಳದೆ ಉದುರುತ್ತಿತ್ತು. ಇಷ್ಟು ನೀರು ಕುಡಿದ ಗಿಡ ಒಣಗುವುದು ಯಾಕೆ ಎಂದು ನನಗೆ ಹೊಳೆಯಲಿಲ್ಲ. ಬಾಯಾರಿರಬೇಕೆಂದು ಇನ್ನೊಂದು ಬಕೆಟ್ಟು ಸುರಿದೆ.

ಒಂದು ಗುರುವಾರ ಬೆಳಗ್ಗೆ ಗೊತ್ತಾಯಿತು. ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು, "ಅಕ್ಕಾ, ಟ್ಯಾಂಕರ್ ನೀರಲ್ಲೇ ತೊಳೆದ್ರೆ ಏನಾಗುತ್ತೆ? ಕ್ಯಾನ್ ಯಾಕೆ ಬೇಕು?"

ನಾನು ಸಿಂಕಿನ ಹತ್ತಿರ ಬೆನ್ನು ಹಾಕಿ ನಿಂತಿದ್ದೆ. ನಮ್ಮ ಹುಡುಗಿ ಹೇಳಿದಳು, "ಅಯ್ಯ, ಸತ್ಯಾನಾಶ! ಟ್ಯಾಂಕರ್ ನೀರಾಗ ಸುಣ್ಣ ಇರತೈತಿ. ಸುಣ್ಣ ಒಳಗ ಹೊಕ್ಕು ತಾಮ್ರನ್ನ ಖೋಲಿಯಿಂದ ಹೊರಗ ಹಾಕತೈತಿ. ಆಮ್ಯಾಲ ಪುಡಿ ಇದ್ದೂ ಇಲ್ಲದಂಗ. ನಮ್ಮ ದೊಡ್ಡವ್ವ ಇದ್ದಾರಲ್ಲ, ಅದಕ್ಕ ನನಗ ಆ ಚಿಂತಿ ಇಲ್ಲ."

ಕೈಯಲ್ಲಿದ್ದ ಬೀಕರು ಜಾರಲಿಲ್ಲ. ಅದನ್ನು ತೊಳೆದು, ಬೋರಲು ಹಾಕಿ, ಮುಂದಿನದನ್ನು ಎತ್ತಿಕೊಂಡೆ. ಬಕೆಟ್ಟಿನ ನೀಲಿ, ಬೆಳ್ಳಗಾದ ಪುಡಿ, ದಾಸವಾಳ, ಎಲ್ಲ ಸಾಲಾಗಿ ಬಂದು ಎದುರು ನಿಂತವು. ಗಿಡಕ್ಕೆ ನಾನು ತಿಂಗಳಿಡೀ ತಾಮ್ರ ಕುಡಿಸಿದ್ದೆ.

ಹೇಳಬೇಕಿತ್ತು. ಹತ್ತು ಹೆಜ್ಜೆ ದೂರವಿತ್ತು. ಚಪ್ಪಾಳೆ ನೆನಪಾಯಿತು. ಮಧ್ಯಾಹ್ನ ಹೇಳೋಣ ಎಂದುಕೊಂಡೆ. ಮಧ್ಯಾಹ್ನ ಅವಳ ಜೊತೆ ಯಾರೋ ಇದ್ದರು. ಶುಕ್ರವಾರ ಮೇಡಂ ಇದ್ದರು. ಶನಿವಾರ ಅವಳ ಮುಖ ತೀರ ಸಣ್ಣದಾಗಿತ್ತು, ಇಂದು ಬೇಡ ಎಂದುಕೊಂಡೆ. ಸೋಮವಾರ ಎದುರು ನಿಂತು, "ತಾಯಿ, ನಿನಗೊಂದು..." ಅಂದೆ. ಅವಳು ತಲೆಯೆತ್ತಿ ಕಾದಳು. "ನಿಂಬೆಕಾಯಿ ಚಿತ್ರಾನ್ನ ತಂದಿದೀನಿ, ತಿನ್ನು" ಎಂದುಬಿಟ್ಟೆ. ಅವಳು ಕಣ್ಣು ಒರೆಸಿಕೊಂಡು ತಿಂದಳು. ಅಂದಿನಿಂದ ತೊಳೆಯುವುದನ್ನು ಪೂರ್ತಿ ಕ್ಯಾನಿನ ನೀರಿನಲ್ಲೇ ಮಾಡಿದೆ, ಮುಂದಿನದು ಸರಿಹೋದರೆ ಹಿಂದಿನದು ಯಾರಿಗೂ ಬೇಡವಾಗುತ್ತದೆ ಎಂದು. ಆದರೆ ಟ್ಯಾಂಕರ್ ನೀರಿನಲ್ಲಿ ತೊಳೆದ ಬಿಳಿ ಪುಡಿಯ ದೊಡ್ಡ ಬಾಟಲಿ ಕಪಾಟಿನಲ್ಲಿ ಹಾಗೇ ಇತ್ತು. ಅವಳು ಅದರಿಂದಲೇ ಮಾಡುವುದಿತ್ತು.

ಆ ಮರು ಗುರುವಾರ ಬೆಳಗ್ಗೆ ಅವಳು ದೊಡ್ಡ ಫ್ಲಾಸ್ಕ್ ಇಳಿಸಿದಳು. ನಮ್ಮನೆ ಸಾರಿನ ಪಾತ್ರೆಯಷ್ಟು ದೊಡ್ಡದು. ವಾರ ಕಳೆದರೆ ಅವಳ ಕೆಲಸವನ್ನು ಹೊರಗಿನವರು ಬಂದು ನೋಡುವವರಿದ್ದರು. ಅಷ್ಟರೊಳಗೆ ಒಮ್ಮೆಯಾದರೂ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಬೇಕಿತ್ತು. ಹೊಗೆ ಎಳೆಯುವ ಗಾಜಿನ ಗೂಡಿನೊಳಗೆ ಫ್ಲಾಸ್ಕ್ ಇಟ್ಟು, ಬಿಳಿ ಪುಡಿ ಹಾಕಿ, ಬಿಸಿಗಿಟ್ಟು, ಪೆರಾಕ್ಸೈಡ್ ಬಿಡತೊಡಗಿದಳು. ಹನ್ನೊಂದಾಯಿತು, ಹನ್ನೆರಡಾಯಿತು. ಹನಿ ಮುಗಿಯಿತು. ನಾನು ಸಿಂಕಿನ ಹತ್ತಿರ ಮೂಗನ್ನೇ ಕಿವಿ ಮಾಡಿಕೊಂಡು ನಿಂತಿದ್ದೆ. ಬಾದಾಮಿ ಬರಲಿಲ್ಲ.

"ಪೆರಾಕ್ಸೈಡ್ ಸುಮ್ಮನ ಒಡದು ನೀರಾಗಿ ಹೋಗೇತಿ" ಎಂದು ತನಗೇ ಹೇಳಿಕೊಂಡಳು. "ಹೋಗ್ಲಿ. ಒಂದೀಟು ಹಳೇ ಪುಡಿ ಹಾಕಿ, ಪೆರಾಕ್ಸೈಡ್ ಮತ್ತ ಹೊಸದಾಗಿ ಬಿಟ್ಟು ನೋಡೂಣು." ಕಪಾಟಿನಿಂದ ಸಣ್ಣ ಬಾಟಲಿ ತೆಗೆದಳು. ಬೇಸಿಗೆಗೆ ಮೊದಲು ತೊಳೆದದ್ದು. ಒಳ್ಳೆಯ ನೀಲಿ.

ಅವಳ ಲೆಕ್ಕದಲ್ಲಿ ಪುಡಿ ಸರಿಯಿತ್ತು, ಪೆರಾಕ್ಸೈಡು ಹೋಗಿತ್ತು. ನನಗೆ ಮಾತ್ರ ಗೊತ್ತಿತ್ತು, ಪುಡಿಯ ಖೋಲಿಗಳಲ್ಲಿ ಸುಣ್ಣ ಕುಳಿತಿದೆ, ಪೆರಾಕ್ಸೈಡು ಎಲ್ಲಿಗೂ ಹೋಗಿಲ್ಲ, ಸಾರಿನ ಪಾತ್ರೆಯಷ್ಟು ಫ್ಲಾಸ್ಕಿನಲ್ಲಿ ಬಿಸಿಯಾಗಿ ಕಾಯುತ್ತಿದೆ. ಗುಟುಕಿಗೆ ಏನಾಯಿತೆಂದು ನನ್ನ ಬೆರಳಿಗೆ ಗೊತ್ತಿತ್ತು.

"ತಾಯಿ" ಅಂದೆ. ಗೂಡಿನ ಫ್ಯಾನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅವಳು ಗೂಡಿನ ಗಾಜಿನ ಬಾಗಿಲನ್ನು ಮೇಲೆತ್ತಿ, ಕನ್ನಡಕವನ್ನು ಹಣೆಗೇರಿಸಿ, ಫ್ಲಾಸ್ಕಿನ ಬಾಯಿಯ ಮೇಲೆ ಬಾಗಿ, ಚಮಚ ತುಂಬ ನೀಲಿ ಪುಡಿ ಎತ್ತಿದಳು. ನಾನು ಹೇಗೆ ಹೋದೆನೋ ತಿಳಿಯದು. ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದೆ. ಪುಡಿ ನೆಲಕ್ಕೆ ಚೆಲ್ಲಿತು. ಒಂದು ಚಿಟಿಕೆ ಮಾತ್ರ ಒಳಗೆ ಬಿತ್ತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಫ್ಲಾಸ್ಕ್ ಗುರುಗುಟ್ಟಿತು. ಬಿಳಿ ನೊರೆ ಕಂಬದಂತೆ ಎದ್ದು ಗೂಡಿನ ಮಾಡಿಗೆ ಹೊಡೆಯಿತು. ಪಕ್ಕದ ಗಾಜಿನ ಕೊಳವೆ ಹಾರಿ ಎತ್ತಿದ್ದ ಗಾಜಿಗೆ ಬಡಿದು, ಅದರಲ್ಲಿ ಈ ತುದಿಯಿಂದ ಆ ತುದಿಗೆ ಬಿರುಕು ಬಿಟ್ಟಿತು. ಅವಳ ಮುಖ ಇದ್ದ ಜಾಗದಲ್ಲಿ ಬಿಸಿ ಹನಿಗಳು ಸಿಡಿದವು. ನನ್ನ ಮೊಣಕೈವರೆಗೆ ಬಿಳುಪು ಹತ್ತಿತು. ಚಿಟಿಕೆಗೆ ಇಷ್ಟು.

ಆಮೇಲೆ ಬಂತು ಬಾದಾಮಿಯ ವಾಸನೆ. ಕೋಣೆಯ ತುಂಬ.

ಇಬ್ಬರೂ ನೆಲದ ಮೇಲೆ ಕೂತಿದ್ದೆವು. ಅವಳು ತನ್ನ ಕಣ್ಣುಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ನಿಮಗ ಹ್ಯಾಂಗ ಗೊತ್ತಾತ್ರಿ?"

ಟ್ಯಾಂಕರ್ ನೀರಿನ ವಿಷಯ ಹೇಳಿದೆ. ಅಕ್ಕಿಯ ವಿಷಯ ಹೇಳಿದೆ. ಗಿಡದ ವಿಷಯವೂ ಹೇಳಿದೆ. ಅವಳು ಬೈಯಲಿಲ್ಲ. ಎರಡು ತಿಂಗಳ ಕೆಲಸ ಹೋಯಿತೆಂದು ಅಳಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಇದು ಕೆಟ್ಟೇತಿ ಅಂತ ಯಾವಾಗ ತಿಳೀತು ದೊಡ್ಡವ್ವ?"

"ಈಗ" ಅಂದೆ. "ನೀನು ಚಮಚ ಎತ್ತಿದಾಗ ಹೊಳೀತು ಕಣವ್ವ."

ಅವಳು ನನ್ನನ್ನು ತಬ್ಬಿಕೊಂಡಳು.

ಮೇಡಂ ಬಂದರು, ನನ್ನ ಕೈ ನೋಡಿದರು, ಗಾಜು ನೋಡಿದರು. ಯಾವ ಯಾವ ಬಾಟಲಿ ಟ್ಯಾಂಕರ್ ನೀರಿನದೆಂದು ಕೇಳಿದರು. ಅದನ್ನು ನಿಜವಾಗಿ ತೋರಿಸಿದೆ. ಹುಡುಗಿ ಲ್ಯಾಬಿನ ಪುಸ್ತಕದಲ್ಲಿ ಎಲ್ಲ ಬರೆದು, ಕನ್ನಡದಲ್ಲಿ ಓದಿ ಹೇಳಿದಳು. ತೊಳೆದವರಿಗೆ ಆ ದಿನವೇ, ಆ ಹೊತ್ತಿನಲ್ಲೇ ತಿಳಿದು ಕೂಡಲೇ ತಡೆದರು ಎಂದು ಅದರಲ್ಲಿತ್ತು. ಕೆಳಗೆ ಸಹಿ ಹಾಕಿದೆ. ದಾಸವಾಳವನ್ನು ಬುಡಸಮೇತ ಕಿತ್ತು, ಮಣ್ಣನ್ನೂ ಚೀಲಕ್ಕೆ ತುಂಬಿಸಿದರು. ಅಲ್ಲಿ ಮತ್ತೆ ಏನೂ ನೆಡಲಿಲ್ಲ. ಯಾರೂ ಬಿಡು ಅನ್ನದಿದ್ದರೂ ನಾನು ದಸರೆಗೆ ಮುಂಚೆ ಕೆಲಸ ಬಿಟ್ಟೆ.

ಅವಳು ಎಲ್ಲವನ್ನೂ ಮೊದಲಿನಿಂದ ಮಾಡಿ, ತಡವಾಗಿ ಡಾಕ್ಟರೇಟು ಪಡೆದಳು. ಈಗ ಅವಳ ಊರಿನ ಕಡೆಯೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಯುಗಾದಿಗೆ ತಪ್ಪದೆ ಬರುವ ಫೋನು ಅವಳದೇ. "ಈ ಕಣ್ಣು ನಿಮ್ಮವು ದೊಡ್ಡವ್ವ" ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ.

ಈ ಸಲ ಇನ್ನೊಂದು ಮಾತು ಹೇಳಿದಳು. ಪ್ರತಿ ವರ್ಷ ಹೊಸ ಮಕ್ಕಳಿಗೆ ಮೊದಲ ದಿನ ನನ್ನ ಕಥೆಯನ್ನೇ ಹೇಳುತ್ತಾಳಂತೆ. "ನಮ್ಮ ದೊಡ್ಡವ್ವಗ ಇಂಗ್ಲಿಷ್ ಓದಾಕ ಬರತಿದ್ದಿಲ್ಲ, ಆದ್ರ ತಪ್ಪು ಗೊತ್ತಾದ ಕೂಡಲೇ ಓಡಿ ಬಂದ್ರು. ಲ್ಯಾಬಿನಾಗ ಎಲ್ಲಾರೂ ಹಂಗ ಇರತಾರ, ನಂಬಿ ಕೆಲಸ ಮಾಡ್ರಿ ಅಂತೀನ್ರಿ."

ಅಂದಿನಿಂದ ನನಗೆ ಸಮಾಧಾನವಿಲ್ಲ. ಗೊತ್ತಾದವರು ಕೂಡಲೇ ಹೇಳುತ್ತಾರೆಂದು ನಂಬಿಕೊಂಡು ಆ ಮಕ್ಕಳು ಎಲ್ಲೋ ಫ್ಲಾಸ್ಕಿನ ಮೇಲೆ ಬಾಗುತ್ತಿದ್ದಾರೆ. ಸಿಂಕಿನ ಹತ್ತಿರ ಬೆನ್ನು ಹಾಕಿ ಯಾರು ನಿಂತಿದ್ದಾರೋ.

ನನಗೆ ಗೊತ್ತಾದದ್ದು ಆ ಗುರುವಾರವಲ್ಲ, ಅದರ ಹಿಂದಿನ ಗುರುವಾರ. ಇಡೀ ಒಂದು ವಾರ. ಈ ಹಾಳೆಗಳನ್ನು ಓದಿದ ಮೇಲೆ ಫೋಟೋ ತೆಗೆದು ಅವಳಿಗೆ ಕಳಿಸಿ. ಅವಳ ನಂಬರು ನನ್ನ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಇದೆ. ಕಳಿಸುವ ಮುಂಚೆ ನನ್ನನ್ನು ಕೇಳಬೇಡಿ. ಕೇಳಿದರೆ ನಾಳೆ ಅನ್ನುತ್ತೇನೆ.